ಗ್ಯಾರೇಜಿನ ಆರತಿ

ಆ ಹೆಣ್ಣುಮಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಿಡ್ನಿಯಲ್ಲಿ ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಆ ಹೆಸರು ಬಂದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. ಆ ಮಾತನ್ನು ಹುಟ್ಟಿಸಿದವನು ನಾನು. ಹೋದ ತಿಂಗಳು ಆಕೆ ಮೆಲ್ಬರ್ನಿನಲ್ಲಿ ತೀರಿಕೊಂಡರು. ನನ್ನ ಮಗಳು ಫೋನ್ ಮಾಡಿ ಸುದ್ದಿ ಹೇಳಿದಳು. ನಾಲ್ಕೇ ಮಾತು ಆಡಿ ಇಟ್ಟುಬಿಟ್ಟಳು. ಅಂದಿನಿಂದ ಆಕೆಯ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಎಸ್‌ಎಸ್‌ಎಲ್‌ಸಿ ಓದಿದವನು, ಬರೆದು ರೂಢಿಯಿಲ್ಲ. ಕಂಡದ್ದನ್ನೂ ಮಾಡಿದ್ದನ್ನೂ ಹೇಳುತ್ತೇನೆ.

ಆಕೆ ಹುಬ್ಬಳ್ಳಿಯ ಕಡೆಯವರು. ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದರು. ಗಂಡ ಇಲ್ಲಿಗೆ ಬಂದ ನಾಲ್ಕನೆಯ ವರ್ಷಕ್ಕೆ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಊರಿಗೆ ವಾಪಸು ಹೋಗುತ್ತಾರೆಂದು ಎಲ್ಲರೂ ಅಂದುಕೊಂಡಿದ್ದೆವು. ಆಕೆ ಮನೆಯ ಗ್ಯಾರೇಜಿನಲ್ಲಿ ಒಂದು ಹೊಲಿಗೆ ಮೆಷಿನ್ ಇಟ್ಟು ಶಟರನ್ನು ಅರ್ಧಕ್ಕೆ ಎತ್ತಿದರು. ಆ ಅರ್ಧ ಎತ್ತಿದ ಶಟರೇ ಅಂಗಡಿಯ ಬೋರ್ಡು. ಒಳಗೆ ಹೋಗಬೇಕಾದರೆ ಎಂಥ ದೊಡ್ಡ ಮನುಷ್ಯರೂ ತಲೆ ಬಗ್ಗಿಸಬೇಕಾಗಿತ್ತು. "ನನ್ನ ಸೊಂಟ ನೋಯ್ತದರೀ, ಮ್ಯಾಲ ತನಕ ಎತ್ತಾಕ ಆಗೂದಿಲ್ಲ. ನೀವಽ ಬಗ್ರಿ" ಎನ್ನುತ್ತಿದ್ದರು.

ಗಂಡನ ಹಳೆಯ ಕನ್ನಡಕವನ್ನೇ ದಾರ ಕಟ್ಟಿ ಹಾಕಿಕೊಳ್ಳುತ್ತಿದ್ದರು. ಬಾಯಲ್ಲಿ ಸದಾ ನಾಲ್ಕೈದು ಗುಂಡುಪಿನ್ನು. ಪಿನ್ನುಗಳನ್ನು ತುಟಿಯ ಒಂದು ಮೂಲೆಗೆ ತಳ್ಳಿ ಇನ್ನೊಂದು ಮೂಲೆಯಿಂದ ಮಾತಾಡುತ್ತಿದ್ದರು. ಮಾತು ಸ್ವಲ್ಪವೂ ತೊದಲುತ್ತಿರಲಿಲ್ಲ. ನನ್ನ ಪ್ಯಾಂಟಿನ ಅಂಚು ಮಡಿಸಲು ಕೊಟ್ಟಾಗ ಒಮ್ಮೆ, "ಪಿನ್ನು ನುಂಗಿಬಿಟ್ಟರೆ ಏನ್ ಗತಿ?" ಎಂದು ಕೇಳಿದೆ. "ನುಂಗೇನ್ರೀ ಒಂದು, ಹೋದ ವರ್ಷ. ಅದಕಽ ನೋಡ್ರಿ ಮಾತು ಇಷ್ಟು ಚುಚ್ಚತಾವ" ಎಂದರು. ನಿಜವೋ ತಮಾಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ವರ್ಷವೆಲ್ಲ ನಮ್ಮ ಹೆಂಗಸರ ರವಿಕೆ, ಸೀರೆಗೆ ಫಾಲು. ಆದರೆ ಸೆಪ್ಟೆಂಬರ್ ದಾಟಿತೆಂದರೆ ಆ ಗ್ಯಾರೇಜಿನ ಬಣ್ಣವೇ ಬೇರೆ. ಇಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ಶಾಲೆಯವರು ಒಂದು ಸಂಜೆ ದೊಡ್ಡ ಸಭಾಂಗಣದಲ್ಲಿ ಊಟ, ಕುಣಿತ ಇಟ್ಟುಕೊಳ್ಳುತ್ತಾರೆ. ಅಮೆರಿಕದವರು ಪ್ರಾಮ್ ಎನ್ನುತ್ತಾರಂತೆ, ಇಲ್ಲಿಯವರು ಫಾರ್ಮಲ್ ಎನ್ನುತ್ತಾರೆ. ಹುಡುಗರು ಕೋಟು ಬಾಡಿಗೆಗೆ ತಂದರೆ ಮುಗಿಯಿತು. ಹುಡುಗಿಯರಿಗೆ ಮಾತ್ರ ಆರು ತಿಂಗಳ ಮುಂಚಿನಿಂದಲೇ ನಿದ್ದೆ ಇರುವುದಿಲ್ಲ. ವಿಯೆಟ್ನಾಮಿನವರು, ಲೆಬನಾನಿನವರು, ಫಿಜಿಯವರು, ಎಲ್ಲ ದೇಶದ ಹುಡುಗಿಯರೂ ಬಟ್ಟೆ ಹಿಡಿದುಕೊಂಡು ಆ ಶಟರಿನ ಕೆಳಗೆ ಬಗ್ಗಿ ಹೋಗುತ್ತಿದ್ದರು.

ಅವರನ್ನು ಆಕೆ ಹೇಗೆ ನಡೆಸಿಕೊಳ್ಳುತ್ತಿದ್ದರು ಎಂದು ನನ್ನ ಹೆಂಡತಿ ಮನೆಗೆ ಬಂದು ನಟಿಸಿ ತೋರಿಸುತ್ತಿದ್ದಳು. ಕೊನೆಯ ಹೊಲಿಗೆ ಹಾಕುವ ಮೊದಲು ಹುಡುಗಿ ಗ್ಯಾರೇಜಿನ ನಡುವೆ ನಿಲ್ಲಬೇಕು. "ಸಿಟ್, ತಂಗಿ." ಸ್ಟೂಲಿನ ಮೇಲೆ ಕೂರಬೇಕು. "ನೌ ಈಟ್." ಒಂದು ಬಟ್ಟಲು ಮಂಡಕ್ಕಿಯ ಗಿರ್ಮಿಟ್ ತಿನ್ನಬೇಕು, ಖಾರವಾದರೂ ಸರಿಯೇ. "ನೌ ಡಾನ್ಸ್." ಕುಣಿಯಬೇಕು. ನಾಚಿಕೊಂಡರೆ ಆಕೆಯೇ ಎದ್ದು ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಹಾಕಿ ತೋರಿಸುವರು. ಕೂತಾಗ, ಉಂಡಾಗ, ಕುಣಿದಾಗ ಎಲ್ಲಿ ಬಿಗಿಯುತ್ತದೆ ಎಂದು ನೋಡಿ ಅಲ್ಲಿ ಬಿಚ್ಚಿ ಹೊಲಿಯುವರು. "ನಿಂತ ಫೋಟೋಕ್ಕ ಹೊಲದ್ರ ಏನ್ ಬಂತು? ಹುಡುಗಿ ಅಲ್ಲೆ ಉಣಬೇಕು, ನಗಬೇಕು" ಎಂದು ನನ್ನ ಹೆಂಡತಿಗೆ ಹೇಳಿದ್ದರಂತೆ.

ಆರತಿಯ ಕಥೆಯನ್ನೂ ಹೆಂಡತಿಯೇ ಹೇಳಿದ್ದು. ಒಂದು ವರ್ಷ ವಿಯೆಟ್ನಾಮಿನ ಒಬ್ಬ ಹುಡುಗಿ ದೇವರ ಮಾಡದಲ್ಲಿದ್ದ ಹಿತ್ತಾಳೆ ತಟ್ಟೆಯನ್ನು ನೋಡಿ ಇದೇನು ಎಂದು ಕೇಳಿದಳು. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಆರತಿ ಎತ್ತುತ್ತಾರೆ, ದೃಷ್ಟಿ ತಾಕುವುದಿಲ್ಲ ಎಂದು ಆಕೆಗೆ ಬಂದ ಇಂಗ್ಲಿಷಿನಲ್ಲಿ ಹೇಳಿದರು. "ನನಗೂ ಮಾಡಿ" ಎಂದಳು ಹುಡುಗಿ. ಆಕೆ ತಡವರಿಸಿದರಂತೆ. ಗಂಡ ಹೋದ ಮೇಲೆ ಒಮ್ಮೆ ತಂಗಿಯ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದಾಗ, ಆರತಿಯ ಹೊತ್ತಿಗೆ ಆಕೆಯನ್ನು ಒಳಗಿನ ಕೋಣೆಯಲ್ಲೇ ಕೂರಿಸಿದ್ದರು. ಸಿಡ್ನಿಯ ಈ ಗ್ಯಾರೇಜಿನಲ್ಲಿ ಅದೆಲ್ಲ ಯಾರಿಗೆ ಗೊತ್ತು? ಕುಂಕುಮದ ನೀರು ಮಾಡಿ, ಎರಡು ಬತ್ತಿ ಹಚ್ಚಿ, ಎತ್ತಿಬಿಟ್ಟರು. ಮೇಲಿದ್ದ ಹೊಗೆಯ ಅಲಾರಂ ಹೊಡೆದುಕೊಂಡು ಬೀದಿಯ ಜನವೆಲ್ಲ ಓಡಿಬಂದರು. ಮರುವರ್ಷದಿಂದ ಅದೇ ರೂಢಿಯಾಯಿತು. ಫಾರ್ಮಲ್ ದಿನ ಮಧ್ಯಾಹ್ನ ಹುಡುಗಿಯರು ಎತ್ತರದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಗ್ಯಾರೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಅವತ್ತು ಒಂದು ದಿನ ಮಾತ್ರ ಶಟರು ಪೂರ್ತಿ ಮೇಲಕ್ಕೆ ಹೋಗುತ್ತಿತ್ತು.

ಇನ್ನು ನನ್ನ ವಿಷಯ. ನಾನು ತುಮಕೂರಿನವನು. ಹೆಂಡತಿ ನರ್ಸು. ಅವಳ ಓದಿನ ಮೇಲೆ ನಮಗೆ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ಅವಳ ಹಿಂದೆ ನಾನು ಬಂದೆ. ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ. ಕೆಲಸದಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆದರೆ ನಮ್ಮ ಸುತ್ತಮುತ್ತಲಿನ ಕನ್ನಡದ ಮನೆಗಳವರು ಕಟ್ಟಿಕೊಂಡಿದ್ದ ಒಂದು ಕೂಟವಿತ್ತು. ಸಭೆಗೆ ಹಾಲ್ ಬುಕ್ ಮಾಡುವುದು, ಕುರ್ಚಿ ಹಾಕಿಸುವುದು, ಮೈಕು, ಊಟ ಎಲ್ಲ ನನ್ನದು. ಚಾಟ್ಸ್‌ವುಡ್ಡಿನ ದೊಡ್ಡ ಆಫೀಸುಗಳಲ್ಲಿ ಕೆಲಸ ಮಾಡುವ ಇಂಜಿನಿಯರುಗಳು ಅಲ್ಲಿ ನನ್ನನ್ನು "ಸರ್, ಮೈಕ್ ಆನ್ ಮಾಡ್ಲಾ?" ಎಂದು ಕೇಳುತ್ತಿದ್ದರು. ವಾರದಲ್ಲಿ ಐದು ದಿನ ತಗ್ಗಿಸಿದ ತಲೆಯನ್ನು ಆ ಒಂದು 'ಸರ್' ಎತ್ತಿ ನಿಲ್ಲಿಸುತ್ತಿತ್ತು. ಇದನ್ನು ಹೇಳುತ್ತಿರುವುದು ಕನಿಕರ ಬೇಡಲು ಅಲ್ಲ. ಮುಂದೆ ನಾನು ಮಾಡಿದ್ದು ಈ ಹುಚ್ಚಿಗಾಗಿಯೇ.

ಸಿಡ್ನಿಯಲ್ಲಿ ಒಲಿಂಪಿಕ್ಸ್ ಮುಗಿದು ಮೂರು ವರ್ಷವಾಗಿತ್ತು. ನನ್ನ ಮಗಳ ಹನ್ನೆರಡನೆಯ ತರಗತಿ ಮುಗಿಯಿತು. "ಅಪ್ಪ, ಸ್ಕೂಲ್ ಡಿನ್ನರ್ ಇದೆ, ಹೋಗ್ಲಾ?" ಎಂದಳು. "ಟೀಚರ್ಸ್ ಇರ್ತಾರಾ?" "ಇರ್ತಾರೆ." "ಒಂಬತ್ತಕ್ಕೆ ಮನೇಲಿರಬೇಕು." "ಅಪ್ಪ, ಊಟ ಕೊಡೋದೇ ಎಂಟೂವರೆಗೆ!" ಹತ್ತೂವರೆಗೆ ಒಪ್ಪಂದವಾಯಿತು. ಹುಡುಗರು ಜೊತೆಗೆ ಬರುತ್ತಾರೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಉಡುಪು ಗ್ಯಾರೇಜಿನಲ್ಲಿ ಹೊಲಿಸುತ್ತಿದ್ದಾರೆಂದು ಗೊತ್ತಿತ್ತು. ಕಬ್ರಮಟ್ಟಾದ ಬಟ್ಟೆ ಅಂಗಡಿಯಿಂದ ತಾಯಿ ಮಗಳು ಹಸಿರು ಸ್ಯಾಟಿನ್ ಬಟ್ಟೆ ತಂದಿದ್ದರು.

ಆ ದಿನ ನನಗೆ ಮಧ್ಯಾಹ್ನದ ಶಿಫ್ಟು. ಗೋದಾಮಿನಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮನೆಗೆ ಕಳಿಸಿದರು. ನಾಲ್ಕೂವರೆಯ ಬಿಸಿಲಿನಲ್ಲಿ ನಮ್ಮ ಬೀದಿಗೆ ತಿರುಗಿದೆ. ಗ್ಯಾರೇಜಿನ ಶಟರು ಪೂರ್ತಿ ಮೇಲೆ. ಮುಂದೆ ಹುಲ್ಲಿನ ಮೇಲೆ ನನ್ನ ಮಗಳು ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಕರಿಯ ಕೋಟು ಹಾಕಿದ ಒಬ್ಬ ಹುಡುಗ. ನಮ್ಮ ಬೀದಿಯ ಕೊನೆಯಲ್ಲಿದ್ದ ಮಾಲ್ಟಾ ದೇಶದವರ ಮಗ. ಅವನ ತಂದೆ ತಾಯಿ ಮದುವೆಗೆ ಬಂದವರಂತೆ ಬಟ್ಟೆ ಹಾಕಿಕೊಂಡು ನಿಂತು ಫೋಟೋ ಹಿಡಿಯುತ್ತಿದ್ದಾರೆ. ನನ್ನ ಮಗಳು ಕೈ ಚಾಚಿದಳು. ಹುಡುಗ ಬಿಳಿಯ ಡಬ್ಬಿಯಿಂದ ಹೂವು ತೆಗೆದು ಅವಳ ಮಣಿಕಟ್ಟಿಗೆ ಕಟ್ಟಿದ. ಹುಡುಗನ ತಾಯಿ ಅವಳ ಕೆನ್ನೆಗೆ ಮುತ್ತು ಕೊಟ್ಟಳು. ಅಷ್ಟರಲ್ಲಿ ಒಳಗಿನಿಂದ ಆಕೆ ಆರತಿ ತಟ್ಟೆ ಹಿಡಿದು ಬಂದು, ಇಬ್ಬರ ಹಣೆಗೂ ಕುಂಕುಮವಿಟ್ಟು, ಇಬ್ಬರನ್ನೂ ಸೇರಿಸಿ ಎತ್ತಿದರು.

ಹುಡುಗ, ಹುಡುಗಿ, ಹುಡುಗನ ಕಡೆಯ ಹಿರಿಯರು, ಹೂವು, ಕುಂಕುಮ, ಆರತಿ. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಅರ್ಥ. ಹೆಣ್ಣಿನ ತಂದೆಯೊಬ್ಬನನ್ನು ಬಿಟ್ಟು ಎಲ್ಲರೂ ಸೇರಿ ನಿಶ್ಚಿತಾರ್ಥ ಮಾಡಿ ಮುಗಿಸುತ್ತಿದ್ದಾರೆ ಎಂದುಕೊಂಡೆ.

ಕಾರನ್ನು ರಸ್ತೆಯ ನಡುವೆಯೇ ಬಿಟ್ಟು ಓಡಿದೆ. ಮಗಳ ಕೈ ಹಿಡಿದು ಆ ಹೂವನ್ನು ಕಿತ್ತೆ. ಅದು ರಬ್ಬರಿನ ಪಟ್ಟಿ, ಹರಿಯಲಿಲ್ಲ. ಎಳೆದೆಳೆದು ಅವಳ ಕೈ ಕೆಂಪಾಯಿತು. "ಅಪ್ಪ, ವಾಟ್ ಆರ್ ಯು ಡೂಯಿಂಗ್! ಇಟ್ಸ್ ಜಸ್ಟ್ ಅ ಕೋರ್ಸಾಜ್!" ಎಂದು ಕಿರುಚಿದಳು. ಹುಡುಗ ನಡುವೆ ಬಂದ. ಅವನನ್ನು ತಳ್ಳಿದೆ. ಆಕೆ ಹತ್ತಿರ ಬಂದು, "ಅಣ್ಣಾರ, ಅಣ್ಣಾರ, ಸ್ವಲ್ಪ ಕೇಳ್ರಿ, ಇದು ನೀವು ತಿಳಕೊಂಡಂಗ ಅಲ್ರೀ" ಎಂದರು. ತಟ್ಟೆ ಇನ್ನೂ ಕೈಯಲ್ಲೇ ಇತ್ತು. ಬತ್ತಿ ಉರಿಯುತ್ತಿತ್ತು.

ಆಗ ನಾನು ಆಡಿದ ಮಾತನ್ನು ಬರೆಯದೆ ಈ ಬರಹಕ್ಕೆ ಅರ್ಥವಿಲ್ಲ. "ಗಂಡನ್ನ ನುಂಗಿದೋಳು ನೀನು. ನನ್ನ ಮಗಳಿಗೆ ಆರತಿ ಎತ್ತೋಕೆ ನಿನಗೆ ಯಾವಳು ಹೇಳಿದ್ದು?"

ಆಕೆ ಬಗ್ಗಿ ತಟ್ಟೆಯನ್ನು ಹುಲ್ಲಿನ ಮೇಲೆ ಇಟ್ಟರು. ಒಂದೊಂದೇ ಬತ್ತಿಯನ್ನು ಬೆರಳಿನಿಂದ ಹೊಸಕಿ ಆರಿಸಿದರು. ಸಾಲಿನಲ್ಲಿ ಇನ್ನೂ ಮೂವರು ಹುಡುಗಿಯರು ಚಪ್ಪಲಿ ಹಿಡಿದು ನಿಂತಿದ್ದರು. ಅವರಿಗೆ ಭಾಷೆ ಬರದಿದ್ದರೂ ನಾನು ಏನು ಅಂದೆನೆಂದು ಗೊತ್ತಾಗಿತ್ತು ಎಂದೇ ನನಗನ್ನಿಸುತ್ತದೆ. ನನ್ನ ಮಗಳಿಗಂತೂ ಗೊತ್ತಾಯಿತು. ಇಂಗ್ಲಿಷೇ ಹೆಚ್ಚು ಆಡಿದರೂ ಅವಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ.

ಅವಳು ಫಾರ್ಮಲ್‌ಗೆ ಹೋಗಲಿಲ್ಲ. ಆ ಹಸಿರು ಉಡುಪಿನಲ್ಲೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಆಸ್ಪತ್ರೆಯ ಶಿಫ್ಟು ಮುಗಿಸಿ ಬಂದ ಹೆಂಡತಿ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. "ನನಗೆ ರಜಾ ಸಿಗಲಿಲ್ಲ, ನನ್ನ ಬದಲು ನೀವೇ ಆರತಿ ಎತ್ತಿ ಕಳಿಸಿ ಅಂತ ಆಕೆಗೆ ನಾನೇ ಹೇಳಿದ್ದು ಕಣ್ರೀ. ಇಲ್ಲಿ ಜೊತೇಲಿ ಹೋಗೋ ಹುಡುಗ ಹೂವು ತರ್ತಾನೆ, ಅಷ್ಟೇ. ನಿಶ್ಚಿತಾರ್ಥ ಅಂತೆ, ನಿಶ್ಚಿತಾರ್ಥ!" ಎಂದಳು. ತಾಯಿ ಮಗಳು ಸೇರಿ ಮುಚ್ಚಿಹಾಕುತ್ತಿದ್ದಾರೆ ಎಂದುಕೊಂಡೆ. ನಂಬಲಿಲ್ಲ.

ಸೋಮವಾರ ನಂಬಬೇಕಾಯಿತು. ಗೋದಾಮಿನಲ್ಲಿ ನನ್ನ ಜೊತೆಗಾರನೊಬ್ಬನಿದ್ದ, ಇಟಲಿ ಮೂಲದವನು. ಊಟದ ಹೊತ್ತಿನಲ್ಲಿ ತನ್ನ ಮಗಳ ಫಾರ್ಮಲ್ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಅದೇ ಕರಿಯ ಕೋಟು, ಮಣಿಕಟ್ಟಿನಲ್ಲಿ ಅದೇ ಥರದ ಹೂವು, ಎರಡೂ ಕಡೆಯ ತಂದೆತಾಯಿ. ಅಳಿಯನಾಗುವವನೇ ಎಂದು ಕೇಳಿದೆ. ಅವನು ತಿನ್ನುತ್ತಿದ್ದ ಬ್ರೆಡ್ಡು ಗಂಟಲಿಗೆ ಸಿಕ್ಕುವಷ್ಟು ನಕ್ಕ. "ಇವನಾ? ಅವಳಿಗೆ ಅವನ ಮುಖ ಕಂಡರಾಗಲ್ಲ, ಸ್ವಾಮಿ! ಒಬ್ಬಳೇ ಹೋಗೋದು ಬೇಡ ಅಂತ ಕರಕೊಂಡು ಹೋದಳು" ಎಂದು ಅವನ ಇಂಗ್ಲಿಷಿನಲ್ಲಿ ಹೇಳಿ ಉಳಿದವರಿಗೂ ನನ್ನ ಪ್ರಶ್ನೆ ಹೇಳಿದ. ಇಡೀ ಮೇಜು ನಕ್ಕಿತು.

ನನಗೆ ಎಲ್ಲ ತಿಳಿಯಿತು. ನಾಲ್ಕು ಮನೆ ನಡೆದು ಹೋಗಿ, ಶಟರಿನ ಕೆಳಗೆ ಬಗ್ಗಿ, ತಪ್ಪಾಯಿತು ಎನ್ನಬೇಕಾಗಿತ್ತು. ಸೋಮವಾರ ಹೋಗಲಿಲ್ಲ. ಮಂಗಳವಾರ ಹೋಗಲಿಲ್ಲ. ಭಾನುವಾರ ಬಂತು, ಕೂಟದ ರಾಜ್ಯೋತ್ಸವ.

ನಾನು ಹಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದೆ. ನಾಲ್ಕೈದು ಜನ ಕಾಫಿ ಲೋಟ ಹಿಡಿದು ಸುತ್ತ ಬಂದರು. ಬೀದಿಯಲ್ಲಿ ನಡೆದದ್ದು ಯಾರ ಬಾಯಿಂದಲೋ ಮುಟ್ಟಿತ್ತು. "ಏನ್ ಸಾರ್, ಮಗಳ ಎಂಗೇಜ್‌ಮೆಂಟ್ ಅಂತೆ, ನಮಗೆ ಹೇಳಲೇ ಇಲ್ಲ?" ಎಂದ ಒಬ್ಬ. "ಬೀಗರು ಮಾಲ್ಟಾದವರಂತಲ್ಲ, ಊಟಕ್ಕೆ ಏನ್ ಮಾಡಿಸಿದ್ರಿ?" ಎಂದ ಇನ್ನೊಬ್ಬ. ಎಲ್ಲರ ತುಟಿಯಲ್ಲೂ ನಗು ಸಿದ್ಧವಾಗಿತ್ತು. ನಿಜ ಹೇಳಿದ್ದರೆ, ಶಾಲೆಯ ಊಟಕ್ಕೆ ಹೊರಟ ಮಗಳ ಕೈಯ ಹೂವನ್ನು ನಿಶ್ಚಿತಾರ್ಥವೆಂದು ತಿಳಿದು ಬೀದಿಯಲ್ಲಿ ಕುಣಿದ ಹಳ್ಳಿ ಗಮಾರನ ಕಥೆ ವರ್ಷಗಟ್ಟಲೆ ಅವರ ಕಾಫಿಗೆ ನೆಂಚಿಕೆಯಾಗುತ್ತಿತ್ತು. ಗೋದಾಮಿನ ಮೇಜಿನ ನಗು ಇನ್ನೂ ಕಿವಿಯಲ್ಲಿತ್ತು.

"ಆ ಹುಬ್ಬಳ್ಳಿಯವಳು ಮಾಡಿಸೋಕೆ ನೋಡಿದ್ಲು. ಎರಡೂ ಕಡೆ ಓಡಾಡಿ ಎಲ್ಲಾ ಸೆಟ್ ಮಾಡಿದ್ಲು. ಸರಿಯಾದ ಟೈಮಿಗೆ ನಾನು ಹೋದೆ, ತಪ್ಪಿಸಿದೆ" ಎಂದೆ.

ಯಾರೂ ನಗಲಿಲ್ಲ. ಒಬ್ಬರು ನನ್ನ ಹೆಗಲ ಮೇಲೆ ಕೈ ಇಟ್ಟರು. "ನಮ್ಮನೆ ಹುಡುಗೀನೂ ಅಲ್ಲಿಗೆ ಹೋಗ್ತಾಳಲ್ರೀ" ಎಂದು ಒಬ್ಬ ತಾಯಿ ಬೆಚ್ಚಿದಳು. ನನ್ನ ಸುಳ್ಳು ಅಷ್ಟೇ, ಆ ಎರಡು ಮೂರು ವಾಕ್ಯ. ಉಳಿದದ್ದನ್ನು ಅವರೇ ಹೆಣೆದುಕೊಂಡರು. ಆ ಗ್ಯಾರೇಜಿನಲ್ಲಿ ಹುಡುಗ ಹುಡುಗಿಯರನ್ನು ಸೇರಿಸುತ್ತಾರಂತೆ, ಆರತಿಯ ನೆಪದಲ್ಲಿ ಗಂಟು ಹಾಕುತ್ತಾರಂತೆ. ತಿಂಗಳೊಳಗೆ ನಮ್ಮ ಹೆಂಗಸರು ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ಕೇಳಿದರು. ಆಕೆ ಕತ್ತರಿಸದ ರವಿಕೆ ಬಟ್ಟೆಗಳನ್ನೂ ಇಸ್ತ್ರಿ ಮಾಡಿ, ಒಂದೊಂದು ಚೀಲಕ್ಕೆ ಹಾಕಿ, ಹೆಸರು ಬರೆದು ಶಟರಿನ ಹೊರಗೆ ಸಾಲಾಗಿ ಇಟ್ಟಿದ್ದರು. ನಾನು ಕೆಲಸಕ್ಕೆ ಹೋಗುವಾಗ ಆ ಸಾಲನ್ನು ನೋಡಿದೆ. ಸಂಜೆ ಬರುವಾಗ ಎರಡು ಚೀಲ ಉಳಿದಿದ್ದವು. ಮರುದಿನ ಒಂದೂ ಇರಲಿಲ್ಲ.

ಬೇರೆ ದೇಶದ ಹುಡುಗಿಯರು ಮರುವರ್ಷವೂ ಬಂದರು. ಆಕೆ ಉಡುಪು ಹೊಲಿದುಕೊಟ್ಟರು. ಆರತಿ ಕೇಳಿದರೆ "ನೋ ತಂಗಿ, ಫಿನಿಶ್" ಎಂದರಂತೆ. ಫಾರ್ಮಲ್ ದಿನವೂ ಶಟರು ಅರ್ಧಕ್ಕೇ ನಿಂತಿತ್ತು.

ಒಮ್ಮೆ ದಿನಸಿ ಅಂಗಡಿಯಲ್ಲಿ ಎದುರಾದರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ. "ಅರಾಮ ಅದೀರೇನ್ರೀ ಅಣ್ಣಾರ?" ಎಂದರು, ಯಾವಾಗಲೂ ಕೇಳುವ ಹಾಗೆಯೇ. ನಾನು ಹಿಡಿದಿದ್ದ ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ.

ಅದಾದ ಸ್ವಲ್ಪ ಕಾಲಕ್ಕೆ ಆಕೆ ಮೆಲ್ಬರ್ನಿಗೆ ಹೋದರು. ಅಲ್ಲಿನ ಹೊರವಲಯದ ಕ್ರೇಗಿಬರ್ನಿನಲ್ಲಿ ಅಕ್ಕನ ಮಗ ಹೊಸ ಮನೆ ಕಟ್ಟಿಸಿದ್ದ. ಅಷ್ಟರಲ್ಲಿ ನನ್ನ ಮಗಳೂ ಮೆಲ್ಬರ್ನಿನಲ್ಲಿದ್ದಳು. ಸಿಡ್ನಿಯಲ್ಲಿ ಸೀಟು ಸಿಕ್ಕಿದ್ದರೂ ಅಲ್ಲಿನ ಕಾಲೇಜನ್ನು ಆರಿಸಿಕೊಂಡಿದ್ದಳು. ಪ್ರತಿ ಭಾನುವಾರ ಆಕೆಯ ಮನೆಯಲ್ಲಿ ಊಟವೆಂದು ಹೆಂಡತಿಯಿಂದ ತಿಳಿಯುತ್ತಿತ್ತು. ನನ್ನ ಹತ್ತಿರ ಮಗಳು ಫೋನಿನಲ್ಲಿ ಹವಾಮಾನ ಮಾತ್ರ ಮಾತಾಡುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ.

ಮೆಲ್ಬರ್ನಿನಲ್ಲಿ ಕಾಮನ್‌ವೆಲ್ತ್ ಆಟಗಳು ನಡೆದ ವರ್ಷ, ಆಟ ನೋಡುವ ನೆಪ ಹೇಳಿ ಒಬ್ಬನೇ ಹೋದೆ. ಬ್ರಾಡ್‌ಮೆಡೋಸ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಬೋಳು ಬಯಲಿನಲ್ಲಿ ಸಾಲು ಸಾಲು ಹೊಸ ಮನೆಗಳು, ಎಲ್ಲೂ ನೆರಳಿಲ್ಲ. ಅಲ್ಲಿಯೂ ಗ್ಯಾರೇಜೇ. ಆಕೆಯ ತಲೆಗೂದಲು ಪೂರ್ತಿ ಬಿಳಿಯಾಗಿತ್ತು. ಬಾಯಲ್ಲಿ ಪಿನ್ನುಗಳಿದ್ದವು. ನನ್ನನ್ನು ನೋಡಿ ಒಂದೊಂದಾಗಿ ತೆಗೆದು ಮೆಷಿನ್ನಿನ ಮೇಲೆ ಇಟ್ಟರು. "ಬರ್ರಿ ಅಣ್ಣಾರ. ಬಿಸಲಾಗ ಬಂದೀರಿ. ಕುಂದರ್ರಿ" ಎಂದು, ಹುಡುಗಿಯರನ್ನು ಕೂರಿಸುತ್ತಿದ್ದ ಸ್ಟೂಲನ್ನು ಮುಂದಕ್ಕೆ ತಳ್ಳಿದರು. ಚಹಾ ಕೊಟ್ಟರು. ಅದು ಲೋಟದಲ್ಲೇ ತಣ್ಣಗಾಯಿತು. ಕೊನೆಗೆ, "ನನ್ನಿಂದ ತಪ್ಪಾಯ್ತಮ್ಮ. ಗೊತ್ತಿದ್ದೂ ಸುಳ್ಳು ಹೇಳಿದೆ. ಕ್ಷಮಿಸಿಬಿಡಿ" ಎಂದೆ.

ಆಕೆ ಬಹಳ ಹೊತ್ತು ಕತ್ತರಿಯ ಹಿಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು.

"ಹುಲ್ಲಿನ ಮ್ಯಾಲ ಅಂದ ಮಾತು ಇರ್ಲಿ ಬಿಡ್ರಿ. ಸಿಟ್ಟಿನಾಗ ಅಂದ್ರಿ. ನಾ ಕೇಳಿದ್ದಽ ಅದ, ನಮ್ಮ ಊರಾಗೂ ಕೇಳೇನಿ. ಆದ್ರ ಹಾಲಿನ್ಯಾಗ ಅಂದದ್ದು ಸಿಟ್ಟಿನಾಗ ಅಲ್ಲ ಅಲ್ರೀ?"

"ಅಲ್ಲ."

"ಅದನ್ನ ಎಲ್ಲಾರ ಮುಂದ ಹೇಳೀರಿ. ಇಲ್ಲೆ ಬಂದು ನನ್ನ ಕಿವ್ಯಾಗ ಹೊಳ್ಳಿ ತಗೊಂಡ್ರ ಹೆಂಗ್ರೀ? ನನಗ ಮೊದಲಽ ಗೊತ್ತಿತ್ತು ಅದು ಸುಳ್ಳು ಅಂತ. ಗೊತ್ತಾಗಬೇಕಾದವ್ರು ಅವ್ರು. ಎಲ್ಲೆ ಹೇಳೀರಿ, ಅಲ್ಲೇ ನಿಂತು ಹೊಳ್ಳಿ ಹೇಳ್ರಿ. ನಾ ಇರೂತನ ಹೇಳ್ರಿ. ಒಂದು ಸಲ ಅಲ್ಲಿಗೆ ತಲಿ ಎತ್ತಿ ಬರಬೇಕು ಅಂತ ಆಸೆ ಐತಿ ನನಗ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದರು. ನೀರಿನ ಬಾಟಲಿಯೊಂದನ್ನು ಕೈಗಿಟ್ಟರು.

ಆ ಯುಗಾದಿಗೆ ನಾನು ಮೈಕಿನ ಮುಂದೆ ನಿಂತೆ. ಒಂದು ವಾರದಿಂದ ಸ್ನಾನದ ಮನೆಯಲ್ಲಿ ಆ ಮಾತುಗಳನ್ನು ಅಭ್ಯಾಸ ಮಾಡಿದ್ದೆ. ಮುನ್ನೂರು ಮುಖಗಳು ನನ್ನ ಕಡೆ ತಿರುಗಿದವು. "ಗೇಟಿನ ಮುಂದೆ ಬಿಳಿ ಕಾರು ಅಡ್ಡ ನಿಂತಿದೆ, ಯಾರದೋ ದಯವಿಟ್ಟು ತೆಗೀರಿ" ಎಂದು ಹೇಳಿ ಇಳಿದುಬಿಟ್ಟೆ. ಗಣೇಶನ ಹಬ್ಬಕ್ಕೆ ಹೇಳೋಣ ಎಂದುಕೊಂಡೆ. ಆಮೇಲೆ ದೀಪಾವಳಿಗೆ. ಹಾಗೆ ಏಳೆಂಟು ವರ್ಷದ ಹಬ್ಬಗಳು ಬಂದು ಹೋದವು. ಈ ನಡುವೆ ಮಗಳ ಮದುವೆ ಮೆಲ್ಬರ್ನಿನಲ್ಲಿ ಆಯಿತು. ಹೆಂಡತಿ ಹೋದಳು. ನನ್ನನ್ನು ಬರಬೇಡ ಎಂದು ಮಗಳು ಹೇಳಲಿಲ್ಲ. "ಹಾಲಿನಲ್ಲಿ ಹೇಳಿದಿರಾ?" ಎಂದು ಮಾತ್ರ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದೆ. ಮದುವೆಯಲ್ಲಿ ನೀವೇ ಆರತಿ ಎತ್ತಬೇಕು ಎಂದು ಮಗಳು ಆಕೆಯ ಕೈ ಹಿಡಿದು ಅತ್ತಳಂತೆ. "ಬ್ಯಾಡವ್ವಾ, ನಿನಗೊಂದು ಒಳ್ಳೇದಾಗ್ಲಿ" ಎಂದು ಹಿಂದಿನ ಸಾಲಿಗೆ ಹೋಗಿ ಕೂತರಂತೆ.

ಆಕೆಯ ಪಿತ್ತಕೋಶದಲ್ಲಿ ಕ್ಯಾನ್ಸರ್ ಇತ್ತು. ಗೊತ್ತಾದ ಮೇಲೆ ಎರಡೂವರೆ ತಿಂಗಳು ಇದ್ದರು. ಆ ಎರಡೂವರೆ ತಿಂಗಳಲ್ಲಿ ನಮ್ಮ ಕೂಟ ಒಂದು ಸಲ ಸೇರಿತ್ತು. ನಾನು ಜ್ವರವೆಂದು ಹೇಳಿ ಮನೆಯಲ್ಲಿ ಮಲಗಿದ್ದೆ. ಜ್ವರವಿರಲಿಲ್ಲ.

ತೀರಿಕೊಂಡ ಮೇಲಿನ ಭಾನುವಾರ ಕೂಟದ ಸಭೆ. ಬಾಗಿಲಲ್ಲಿ ಕೂತಿದ್ದ ಹುಡುಗಿಗೆ, ಇಂಥವರು ತೀರಿಕೊಂಡರು, ಎರಡು ಮಾತು ಹೇಳಬೇಕು ಎಂದೆ. ಮದುವೆಯಾಗಿ ಬೆಂಗಳೂರಿನಿಂದ ಬಂದು ಎರಡು ವರ್ಷವಾದ ಹುಡುಗಿ, ಆಕೆಯನ್ನು ಒಮ್ಮೆಯೂ ಕಂಡವಳಲ್ಲ. "ಯಾರು ಅಂಕಲ್? ಓ, ಆ ಎಂಗೇಜ್‌ಮೆಂಟ್ ಆಂಟಿನಾ?" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆಕೆಗೆ ಅದೇ ಹೆಸರು ಎಂದುಕೊಂಡಿದ್ದಳು.

ಮೈಕು ಹಿಡಿದೆ. ಈ ಸಲ ಇಳಿಯಲಿಲ್ಲ. ಎಲ್ಲ ಹೇಳಿದೆ. ಹೂವು ಏನು ಎಂದು ಹೇಳಿದೆ. ನಾನು ಏನು ತಿಳಿದೆ, ಯಾವ ದಿನ ನಿಜ ಗೊತ್ತಾಯಿತು, ಗೊತ್ತಾದ ಮೇಲೂ ಇದೇ ಹಾಲಿನಲ್ಲಿ ಏನು ಹೇಳಿದೆ, ಏಕೆ ಹೇಳಿದೆ ಎಂದೆಲ್ಲ ಹೇಳಿದೆ. ಹುಲ್ಲಿನ ಮೇಲೆ ಆಡಿದ ಮಾತನ್ನೂ ಬಿಡಲಿಲ್ಲ. ಆ ಮಾತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಹೌದು ಎನ್ನುವಂತೆ ತಲೆಯಾಡಿಸಿದರು. "ಆಕೆ ಏನೂ ಮಾಡಿರಲಿಲ್ಲ. ನಾನು ಸುಳ್ಳು ಹೇಳಿದೆ" ಎಂದು ಎರಡು ಸಲ ಹೇಳಿ ನಿಲ್ಲಿಸಿದೆ.

ಜನ ಚಪ್ಪಾಳೆ ತಟ್ಟಿದರು.

ಕೂಟದ ಕಾರ್ಯದರ್ಶಿ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ತಮಗೆ ಅಷ್ಟು ನೋವು ಕೊಟ್ಟವರು ತೀರಿಕೊಂಡಾಗ, ಅವರ ತಪ್ಪನ್ನೂ ತಮ್ಮ ತಲೆ ಮೇಲೆ ಹಾಕಿಕೊಳ್ಳೋ ದೊಡ್ಡ ಮನಸ್ಸು ಎಷ್ಟು ಜನಕ್ಕಿರುತ್ತೆ? ಅಂಕಲ್ ನಮಗೆಲ್ಲ ಪಾಠ. ಊಟ ರೆಡಿ ಇದೆ, ಮಕ್ಕಳು ಮೊದಲು" ಎಂದ. "ಇಲ್ಲಪ್ಪ, ನಿಜವಾಗಿ ನಾನು..." ಎಂದು ಅವನ ತೋಳು ಹಿಡಿದೆ. "ಇರ್ಲಿ ಬಿಡಿ ಸರ್, ನಮಗೆ ಅರ್ಥ ಆಗುತ್ತೆ" ಎಂದು ತೋಳು ತಟ್ಟಿ ಹೋದ. ಊಟದ ಸಾಲಿನಲ್ಲಿ ಮೂವರು ನನ್ನ ಕಾಲು ಮುಟ್ಟಿದರು. ಒಬ್ಬೊಬ್ಬರಿಗೂ ಹೇಳಿದೆ. ಒಬ್ಬೊಬ್ಬರೂ ಅದೇ ನಗು ನಕ್ಕರು.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿದೆ. "ಹೇಳಿದೆ ಕಣಮ್ಮ. ಹಾಲಿನಲ್ಲಿ, ಎಲ್ಲರ ಮುಂದೆ. ಏನನ್ನೂ ಬಿಡಲಿಲ್ಲ."

"ಸೋ?"

"ಯಾರೂ ನಂಬಲಿಲ್ಲ."

ಆ ಕಡೆ ಅವಳ ಮಗು ಏನೋ ಕೇಳುತ್ತಿತ್ತು. ಅದಕ್ಕೆ ಸುಮ್ಮನಿರಲು ಹೇಳಿದಳು. ಆಮೇಲೆ ಎಷ್ಟೋ ವರ್ಷಗಳ ಮೇಲೆ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದಳು.

"ಮೊದಲನೇ ಸಲ ಎಲ್ಲರೂ ನಂಬಿದ್ರಲ್ಲ ಅಪ್ಪ."